ಮಾಳಿಗೆಗೆ ಇಳಿದದ್ದೆಲ್ಲ ಗುಬ್ಬಿಯಲ್ಲ

ಕೊಪ್ಪಳ, ಗಂಗಾವತಿ ಕಡೆ ಚಳಿಗಾಲದಲ್ಲಿ ಮಾಳಿಗೆ ಮೇಲೆ ಒಂದು ಹಿಡಿ ನವಣೆ ಚೆಲ್ಲಿ ನೋಡಿ. ಇಳಿಯುವ ಕಂದು ಹಕ್ಕಿಗಳನ್ನೆಲ್ಲ ನಾವು ಗುಬ್ಬಿ ಅಂದುಬಿಡುತ್ತೇವೆ. ಈ ದಿನಗಳಲ್ಲಿ ಬಣ್ಣ ನಂಬಿದರೆ ಕೆಟ್ಟಿರಿ. ಕೊಕ್ಕು, ಬಾಲ, ಬೆನ್ನು ನೋಡಬೇಕು. ಅದಕ್ಕೆ ತಟ್ಟೆಗಿಂತ ಜೋಳದ ತೆನೆ ಕಟ್ಟಿ ತೂಗುಬಿಡುವುದು ಮೇಲು. ಹಕ್ಕಿ ತೆನೆಗೆ ಅಡ್ಡಲಾಗಿ ಜೋತುಬಿದ್ದಾಗ ಮೂರೂ ಒಟ್ಟಿಗೆ ಕಾಣುತ್ತವೆ.

ಮೊದಲು ಹೆಣ್ಣು ಗುಬ್ಬಿಯನ್ನು ಮನದಟ್ಟು ಮಾಡಿಕೊಳ್ಳಿ. ಗಂಡಿಗೆ ಬೂದು ನೆತ್ತಿ, ಬಿಳಿ ಕೆನ್ನೆ, ಕರಿ ಗಂಟಲು ಇರುವುದರಿಂದ ಮಕ್ಕಳೂ ಗುರುತಿಸುತ್ತಾರೆ (ಹೊಸ ಗರಿಗಳ ತುದಿ ಮಾಸಲಾಗಿರುವುದರಿಂದ ಚಳಿಗಾಲದಲ್ಲಿ ಆ ಕಪ್ಪೂ ಅರ್ಧ ಮರೆ). ಹೆಣ್ಣಿಗೆ ಕಣ್ಣಿನ ಹಿಂದೆ ಮಾಸಲು ಹುಬ್ಬು, ಬೆನ್ನ ತುಂಬ ಕರಿ ಗೀರು, ಎದೆ ಸಾದಾ. ಉಳಿದವನ್ನೆಲ್ಲ ಇದರ ಪಕ್ಕ ಇಟ್ಟು ಅಳೆಯಿರಿ.

ಹೆಚ್ಚು ಯಾಮಾರಿಸುವುದು ಗೀಜಗ. ಮಳೆಗಾಲದಲ್ಲಿ ಗೂಡು ನೇಯುವ ಗಂಡಿನ ತಲೆ ಅರಿಶಿನ ಬಳಿದಂತಿರುತ್ತದೆ. ಹಿಂಗಾರಿ ಜೋಳ ತೆನೆಯೊಡೆಯುವ ಹೊತ್ತಿಗೆ ಆ ಹಳದಿ ಉದುರಿ, ಗಂಡೂ ಹೆಣ್ಣೂ ಹೆಣ್ಣು ಗುಬ್ಬಿಯಂತೆಯೇ. ಆಗ ಕೊಕ್ಕೇ ಸಾಕ್ಷಿ: ಬುಡದಲ್ಲಿ ದಪ್ಪ, ತುದಿಗೆ ಚೂಪು, ಹಣೆಯಿಂದ ನೇರ ಹೊರಟದ್ದು. ಬಾಲ ಮೊಟಕು. ಎದೆಗೆ ಗುಬ್ಬಿಯ ಬೂದಿಗಿಂತ ಹಳದಿ ಛಾಯೆ ಜಾಸ್ತಿ.

ಗುಬ್ಬಿಗಿಂತ ಚಿಕ್ಕದು, ಬೂದು ಕೊಕ್ಕು, ಚೂಪಾದ ಕರಿ ಬಾಲ, ಹಾರಿದಾಗ ಬಾಲದ ಬುಡದಲ್ಲಿ ಬಿಳಿ ಕಂಡರೆ ಅದು ಬಿಳಿಗಂಟಲಿನ ಮುನಿಯ. ಬಳ್ಳಾರಿ ಜಾಲಿಯಂಥ ಮುಳ್ಳುಕಂಟಿ ಮನೆ ಹತ್ತಿರವಿದ್ದರೆ ಇದು ಬರುವ ಸಾಧ್ಯತೆ ಹೆಚ್ಚು.

ಬೆನ್ನ ಮೇಲೆ ಗೀರೇ ಇಲ್ಲವೇ? ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟಿ, ಕೊಕ್ಕು ತೆಳು? ಹಳದಿ ಗಂಟಲಿನ ಗುಬ್ಬಿ ಇರಬೇಕು. ಗಂಟಲ ಹಳದಿ ಚುಕ್ಕೆ ಎಷ್ಟೋ ಸಲ ಕಾಣುವುದೇ ಇಲ್ಲ, ಅದನ್ನೇ ಹುಡುಕುತ್ತ ಕೂರಬೇಡಿ. ಹುಡುಗನಾಗಿದ್ದಾಗ ಪಕ್ಷಿತಜ್ಞ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದು, ಯಾವುದಿದು ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದದ್ದು ಇದೇ ಹಕ್ಕಿಯನ್ನು.

ಗುಬ್ಬಿಗಿಂತ ತುಸು ದೊಡ್ಡದಾದ, ಬಾಲದ ಅಡಿ ಹಳದಿಯಿರುವ ಕರಿತಲೆಯ ಬಂಟಿಂಗ್ ಮಾತ್ರ ಮಾಳಿಗೆಗೆ ಬರುವುದು ಅಪರೂಪ. ಪಶ್ಚಿಮ ಏಷ್ಯಾ ಕಡೆಯಿಂದ ಬರುವ ಈ ಅತಿಥಿಯನ್ನು ನೋಡಬೇಕಿದ್ದರೆ ಸೀತನಿ (ಸುಟ್ಟ ಎಳೆ ಜೋಳ) ತಿನ್ನಲು ಹೋದಾಗ ಜೋಳದ ಹೊಲದ ಬದುವಿನಲ್ಲೇ ಕಣ್ಣಿಡಿ. ಮಾರ್ಚ್ ಕಳೆದರೆ ಸಿಗುವುದು ಕಷ್ಟ.