ಖಿನ್ನತೆಯ ದಿನಗಳಲ್ಲಿ ನಾನು ಪ್ರಾರ್ಥಿಸಿದ ಬಗೆ

ಖಿನ್ನತೆ ಹಿಡಿದಾಗ ನನ್ನಿಂದ ಮೊದಲು ಕೈತಪ್ಪಿದ್ದು ಪ್ರಾರ್ಥನೆ. ಊಟ, ನಿದ್ರೆ ಕೆಟ್ಟದ್ದು ಆಮೇಲೆ. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ ಬಂದು ಮೊಣಕಾಲೂರಿದರೂ ಮನಸ್ಸಿನಲ್ಲಿ ಏನೂ ಮಿಡಿಯುತ್ತಿರಲಿಲ್ಲ. "ವಿಶ್ವಾಸ ಗಟ್ಟಿಯಿದ್ದವರಿಗೆ ಇದೆಲ್ಲ ಬರುವುದಿಲ್ಲ" ಎಂದರು ಪ್ರಾರ್ಥನಾಕೂಟದ ಹಿರಿಯರೊಬ್ಬರು. ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸಿತು. ಅದು ನಿಜವೂ ಅಲ್ಲ. ಬೈಬಲ್ಲಿನ ಪ್ರವಾದಿ ಎಲೀಯನಿಗಿಂತ ಗಟ್ಟಿ ವಿಶ್ವಾಸ ಯಾರಿಗಿತ್ತು? ಅಂಥವನೇ ಮರುಭೂಮಿಯ ಪೊದೆಯಡಿ ಕುಳಿತು ಸಾವನ್ನು ಬೇಡಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಿದವನನ್ನು ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದ.

ನಾನೂ ಅದೇ ಕ್ರಮ ಹಿಡಿದೆ: ಮೊದಲು ದೇಹ. ಮನೋವೈದ್ಯರು ಕೊಟ್ಟ ಮಾತ್ರೆ ಕೆಲಸ ಮಾಡಲು ಕೆಲವು ವಾರಗಳೇ ಬೇಕು. ಆ ಕಾಯುವಿಕೆ ಬಲು ಕಷ್ಟ. ಔಷಧಗಳನ್ನು ಭೂಮಿಯಿಂದ ಸೃಷ್ಟಿಸಿದವರು ದೇವರೇ, ವಿವೇಕಿ ಅವನ್ನು ತಿರಸ್ಕರಿಸುವುದಿಲ್ಲ ಎಂಬ, ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಆಗ ಕೈಹಿಡಿಯಿತು. ಈಗಲೂ ಶಿಲುಬೆಯ ಗುರುತು ಹಾಕಿಕೊಂಡೇ ಮಾತ್ರೆ ನುಂಗುತ್ತೇನೆ. ಕೆಲವು ದಿನ ನನ್ನ ಪ್ರಾರ್ಥನೆ ಅಷ್ಟೇ.

ಮಣಿ ಸರಿಸುತ್ತ ಹೇಳುವ ಸಂಜೆಯ ಜಪಸರವನ್ನು ಮಾತ್ರ ಬಿಡಲಿಲ್ಲ. ಅಮ್ಮ "ನಮೋ ಮರಿಯಾ" ಎಂದು ಶುರುಮಾಡಿದರೆ "ಸಂತ ಮರಿಯಾ" ಎಂದು ನಾನು ಪೂರ್ತಿ ಮಾಡಬೇಕು. ಬಾಯಿ ಏಳದ ದಿನ ನನ್ನ ಪಾಲನ್ನೂ ಅಮ್ಮನೇ ಹೇಳಿಬಿಡುತ್ತಿದ್ದರು, ಯಾಕೆ ಎಂದು ಕೇಳದೆ. ನಾನು ಮಣಿ ಸರಿಸುತ್ತಿದ್ದೆ. ಧರ್ಮಸಭೆ, ಅಂದರೆ ವಿಶ್ವಾಸಿಗಳ ಸಮುದಾಯ, ಎಂದರೇನು ಎಂಬುದು ನನಗೆ ತಿಳಿದದ್ದು ಅಲ್ಲಿ.

ಒಬ್ಬಳೇ ಇದ್ದಾಗ ಬೈಬಲ್ಲಿನ 88ನೇ ಕೀರ್ತನೆ. ಬೇರೆ ಶೋಕಗೀತೆಗಳು ಬಹುಪಾಲು ಸ್ತುತಿಯತ್ತ ಹೊರಳುತ್ತವೆ. ಇದು ಕತ್ತಲಿನಲ್ಲೇ ಮುಗಿಯುತ್ತದೆ. ಧರ್ಮಸಭೆಯ ದೈನಿಕ ಪ್ರಾರ್ಥನೆಯಲ್ಲಿ ಶುಕ್ರವಾರ ರಾತ್ರಿಗೆ ಗೊತ್ತುಮಾಡಿರುವುದು ಇದನ್ನೇ. ಇಲ್ಲದ ಸಂತೋಷವನ್ನು ನಟಿಸದೆಯೂ ದೇವರೆದುರು ನಿಲ್ಲಬಹುದು ಎಂಬ ಧೈರ್ಯ ಅದರಿಂದ ಬಂತು.

ಪಾಪನಿವೇದನೆಗೆ ಹೋದಾಗ, ಈ ನಿರಾಸೆ ಪಾಪವೇ ಎಂದು ಕೇಳಿದೆ. "ಕಾಯಿಲೆ ಪಾಪವಲ್ಲ. ಏಳಲಾಗದ ಭಾನುವಾರ ಪೂಜೆ ತಪ್ಪಿದರೂ ಪಾಪವಲ್ಲ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ, ಮಗಳೇ?" ಎಂದರು ಫಾದರ್.

ಸಾಯುವ ಯೋಚನೆ ಬಂದ ರಾತ್ರಿಗಳ ವಿಷಯವನ್ನೂ ಹೇಳಲೇಬೇಕು. 1897ರಲ್ಲಿ, 24ರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡ ಫ್ರಾನ್ಸಿನ ಸನ್ಯಾಸಿನಿ, ಲಿಸಿಯೂವಿನ ಸಂತ ತೆರೇಸಾ ತಮ್ಮ ಕೊನೆಯ ದಿನಗಳಲ್ಲಿ, ತೀವ್ರವಾಗಿ ನರಳುವವರ ಹತ್ತಿರ ವಿಷವಾಗಬಲ್ಲ ಔಷಧ ಇಡಬೇಡಿ ಎಂದು ಎಚ್ಚರಿಸಿದ್ದರು. ಸಂತರೇ ಹಾಗೆ ಹೇಳಿರುವಾಗ ನನಗೇಕೆ ನಾಚಿಕೆ? ಅಂಥದ್ದೊಂದು ರಾತ್ರಿ ಅಣ್ಣನನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದೆ. ಅಂದಿನಿಂದ ಮಾತ್ರೆಗಳೆಲ್ಲ ಅವನ ಬೀರುವಿನಲ್ಲಿವೆ. ದಿನದ ಪಾಲನ್ನಷ್ಟೇ ಕೊಡುತ್ತಾನೆ. ಎಬ್ಬಿಸಲು ಯಾರೂ ಇಲ್ಲದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.