ಬೆನ್ನುಹುರಿ ಎಲ್ಲಿ ಮುಗಿಯುತ್ತದೆ? ಸೊಂಟ ಮುಟ್ಟಿ ನೋಡಿ

ನರ್ಸಿಂಗ್, ಫಿಸಿಯೋಥೆರಪಿ ಓದುತ್ತಿರುವವರಿಗೆ ಒಂದು ಸಲಹೆ. ಬೆನ್ನುಹುರಿಯ ಮಟ್ಟಗಳನ್ನು ಚಿತ್ರ ನೋಡಿ ಸುಮ್ನೆ ಬಾಯಿಪಾಠ ಮಾಡಬೇಡಿ, ನಿಮ್ಮ ಬೆನ್ನಿನ ಮೇಲೆಯೇ ಮುಟ್ಟಿ ಕಲಿಯಿರಿ. ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿಗೆ ಇಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ನೇರವಾಗಿ ಚಾಚಿ. ಆ ಗೆರೆ ಬೆನ್ನುಮೂಳೆಯನ್ನು ದಾಟುವ ಜಾಗವೇ ಸುಮಾರಾಗಿ ಎಲ್‌4, ಅಂದರೆ ಸೊಂಟದ ಭಾಗದ ಬೆನ್ನುಮೂಳೆಗಳಲ್ಲಿ ಮೇಲಿನಿಂದ ನಾಲ್ಕನೆಯದು. ಅಲ್ಲಿಂದ ಎರಡು ಮೂರು ಮೂಳೆ ಮೇಲೆ, ಎಲ್‌1–ಎಲ್‌2 ಹತ್ತಿರ, ಹುರಿ ಮುಗಿಯುತ್ತದೆ. ಮಕ್ಕಳು ಬೆಳೆಯುವಾಗ ಹುರಿಗಿಂತ ಮೂಳೆ ಜಾಸ್ತಿ ಉದ್ದವಾಗುವುದೇ ಇದಕ್ಕೆ ಕಾರಣ. ದೊಡ್ಡವರಲ್ಲೂ ಹುರಿಯ ಉದ್ದ ಸುಮಾರು 45 ಸೆಂ.ಮೀ. ಅಷ್ಟೆ. ಅದರ ಕೆಳಗಿರುವುದು ಕುದುರೆ ಬಾಲದ ಹಾಗೆ ಇಳಿಬಿದ್ದ ನರಗಳು. ಸೂಜಿ ತಾಗಿದರೆ ಅವು ಪಕ್ಕಕ್ಕೆ ಸರಿದುಕೊಳ್ಳುತ್ತವೆ, ಹುರಿ ಹಾಗೆ ಸರಿಯುವುದಿಲ್ಲ. ಬೆನ್ನಿನಿಂದ ನೀರು ತೆಗೆಯುವಾಗ ಎಲ್‌3–4 ಅಥವಾ ಎಲ್‌4–5 ನಡುವೆ ಚುಚ್ಚುವುದು ಅದಕ್ಕೇ. ಇದು ಒಮ್ಮೆ ಕೈಗೆ ಸಿಕ್ಕರೆ ಮರೆಯುವುದೇ ಇಲ್ಲ! ಆದರೆ ಎಲ್ಲರಲ್ಲೂ ಈ ಲೆಕ್ಕ ಕೂಡಿಬರುವುದಿಲ್ಲ. ದಪ್ಪಗಿರುವವರಲ್ಲಿ, ಗರ್ಭಿಣಿಯರಲ್ಲಿ ಕೈಗೆ ಸಿಗುವ ಗೆರೆ ಒಂದು ಮೂಳೆಯಷ್ಟು ಮೇಲಾಗಬಹುದು. ಹುಟ್ಟಿದ ಮಗುವಿನಲ್ಲಿ ಹುರಿ ಎಲ್‌3 ತನಕವೂ ಇರುತ್ತದೆ. ಹಾಗಾಗಿ ಇದು ಕಲಿಯುವುದಕ್ಕೆ ಮಾತ್ರ. ರೋಗಿಯ ವಿಷಯದಲ್ಲಿ ಡಾಕ್ಟರು ನೋಡಿ ಹೇಳಿದ್ದೇ ಸರಿ.