ಅಮೆರಿಕಾದಲ್ಲಿ ಬಡ್ಡಿ ಆದಾಯನ ಫೆಡರಲ್ಲು, ಸ್ಟೇಟು ಎರಡಕ್ಕೂ ತೋರ್ಸೋದು ಹೇಗೆ

ಅಮೆರಿಕಾದ ಬ್ಯಾಂಕಲ್ಲಿ ಸೇವಿಂಗ್ಸು, ಸಿಡಿ (ನಮ್ಮ ಎಫ್‌ಡಿ ಥರದ ಡೆಪಾಸಿಟ್) ಏನೇ ಇದ್ರೂ ವರ್ಷಕ್ಕೆ 10 ಡಾಲರ್ ಅಥವಾ ಜಾಸ್ತಿ ಬಡ್ಡಿ ಬಂದ್ರೆ ಬ್ಯಾಂಕಿನವ್ರು 1099-ಐಎನ್‌ಟಿ ಅಂತ ಫಾರ್ಮ್ ಮಾಡಿ ಒಂದು ಕಾಪಿ ನಿಮಗೆ, ಒಂದು ಐಆರ್‌ಎಸ್‌ಗೆ (ಫೆಡರಲ್, ಅಂದ್ರೆ ಕೇಂದ್ರದ ಟ್ಯಾಕ್ಸ್ ಇಲಾಖೆ) ಕಳಿಸ್ತಾರೆ, ಅಲ್ಲಿಂದ ತುಂಬಾ ಸ್ಟೇಟ್‌ಗಳಿಗೂ ಮಾಹಿತಿ ಹೋಗತ್ತೆ. ನೀವು ತೋರಿಸ್ದೆ ಬಿಟ್ರೆ ಅವರ ಕಂಪ್ಯೂಟರ್ ಹಿಡಿಯತ್ತೆ, ಲೆಕ್ಕ ತಾಳೆಯಾಗ್ತಿಲ್ಲ ಅನ್ನೋ ಸಿಪಿ2000 ನೋಟಿಸ್ ಮನೆಗೆ ಬರತ್ತೆ. 10 ಡಾಲರ್‌ಗಿಂತ ಕಮ್ಮಿ, ಫಾರ್ಮೇ ಬಂದಿಲ್ಲ ಅಂದ್ರೂ ಆ ಬಡ್ಡಿ ತೋರಿಸ್ಲೇಬೇಕು.

ಫಾರ್ಮ್ ಬಂದ್ಮೇಲೆ ಬಾಕ್ಸ್ 1 ಮತ್ತೆ ಬಾಕ್ಸ್ 3 ಎರಡನ್ನೂ ನೋಡಿ, ಜನ ದುಡ್ಡು ಕಳ್ಕೊಳ್ಳೋದು ಇಲ್ಲೇ. ಬಾಕ್ಸ್ 1ರಲ್ಲಿ ಮಾಮೂಲಿ ಬ್ಯಾಂಕ್ ಬಡ್ಡಿ, ಬಾಕ್ಸ್ 3ರಲ್ಲಿ ಟ್ರೆಷರಿ ಬಿಲ್, ಸೇವಿಂಗ್ಸ್ ಬಾಂಡ್ ಥರ ಫೆಡರಲ್ ಸರ್ಕಾರಕ್ಕೆ ಕೊಟ್ಟ ಸಾಲದ ಬಡ್ಡಿ. ಇದು 1ರೊಳಗೆ ಸೇರಿರಲ್ಲ, ಬೇರೆನೇ. ಉದಾಹರಣೆಗೆ 1ರಲ್ಲಿ 640, 3ರಲ್ಲಿ 1,100 ಇದೆ ಅಂದ್ಕೊಳ್ಳಿ, ಫೆಡರಲ್ ರಿಟರ್ನ್ ಫಾರ್ಮ್ 1040ರ 2ಬಿ ಲೈನಲ್ಲಿ 1,740 ಬರತ್ತೆ, 1,500 ದಾಟಿದ್ರಿಂದ ಶೆಡ್ಯೂಲ್ ಬಿ (ಬಡ್ಡಿ ವಿವರದ ಹಾಳೆ) ಕೂಡ ಹಾಕ್ಬೇಕು. ಆದ್ರೆ ಆ 1,100ಕ್ಕೆ ಯಾವ ಸ್ಟೇಟೂ ಇನ್ಕಮ್ ಟ್ಯಾಕ್ಸ್ ಹಾಕಂಗಿಲ್ಲ, ಅದು ಫೆಡರಲ್ ಕಾನೂನು. ಸ್ಟೇಟ್ ರಿಟರ್ನ್ ಸಾಮಾನ್ಯವಾಗಿ ಫೆಡರಲ್ ಮೊತ್ತದಿಂದಲೇ ಶುರುವಾಗೋದ್ರಿಂದ ಅದನ್ನ ಅಲ್ಲಿ ಕಳೀಬೇಕು, ಕ್ಯಾಲಿಫೋರ್ನಿಯಾದಲ್ಲಾದ್ರೆ ಶೆಡ್ಯೂಲ್ ಸಿಎನಲ್ಲಿ. ಸಾಫ್ಟ್‌ವೇರಲ್ಲಿ ಎರಡನ್ನೂ ಕೂಡಿಸಿ ಬಾಕ್ಸ್ 1ಕ್ಕೇ ತುಂಬಿಬಿಟ್ರೆ ಅದಕ್ಕೆ ಗೊತ್ತಾಗಲ್ಲ, ಕಟ್ಟಬೇಕಾಗಿಲ್ಲದ ಟ್ಯಾಕ್ಸ್ ಕಟ್ಟಿರ್ತೀರಿ, ಯಾರೂ ಕರೆದು ಹೇಳಲ್ಲ, ದಯವಿಟ್ಟು ಒಂದ್ಸಲ ಚೆಕ್ ಮಾಡಿ. ಟೆಕ್ಸಾಸ್, ಫ್ಲೋರಿಡಾದಲ್ಲಿ ಇರೋರಿಗೆ ಈ ತಲೆನೋವಿಲ್ಲ, ಸ್ಟೇಟ್ ಇನ್ಕಮ್ ಟ್ಯಾಕ್ಸೇ ಇಲ್ಲ.

ಮುನಿಸಿಪಲ್ ಬಾಂಡ್ (ಸ್ಟೇಟು, ಊರಿನ ಆಡಳಿತಗಳು ಎತ್ತೋ ಸಾಲ) ಬಡ್ಡಿ ಬಾಕ್ಸ್ 8ರಲ್ಲಿರತ್ತೆ, ಫೆಡರಲ್ ಟ್ಯಾಕ್ಸ್ ಇಲ್ಲದಿದ್ರೂ 1040ರ 2ಎ ಲೈನಲ್ಲಿ ಬರೀಬೇಕು. ಬೇರೆ ಸ್ಟೇಟಿನ ಬಾಂಡ್ ಆದ್ರೆ ನಿಮ್ಮ ಸ್ಟೇಟ್ ಟ್ಯಾಕ್ಸ್ ಹಾಕೋದೇ ಹೆಚ್ಚು. ಸಿಡಿ ಅವಧಿಗೆ ಮುಂಚೆ ಮುರಿಸಿದ್ರೆ ದಂಡ ಬಾಕ್ಸ್ 2ರಲ್ಲಿ ಬರತ್ತೆ, ಅದನ್ನ ಬಡ್ಡೀಲಿ ಕಳೀಬೇಡಿ, ಬಡ್ಡಿ ಪೂರ್ತಿ ತೋರ್ಸಿ ದಂಡನ ಶೆಡ್ಯೂಲ್ 1ರಲ್ಲಿ ಕಡಿತವಾಗಿ ಹಾಕಿ.

ಈಗ ನಮ್ಮವ್ರಿಗೆ ಮುಖ್ಯವಾದ್ದು, ಊರಲ್ಲಿಟ್ಟಿರೋ ಎಫ್‌ಡಿ. ಟ್ಯಾಕ್ಸ್ ಲೆಕ್ಕದಲ್ಲಿ ನೀವು ಅಮೆರಿಕಾದ ರೆಸಿಡೆಂಟ್ ಆಗಿದ್ರೆ ಎನ್‌ಆರ್‌ಇ (ಹೊರದೇಶದ ಸಂಪಾದನೆ ಇಡೋ ಎನ್‌ಆರ್‌ಐ ಅಕೌಂಟ್) ಬಡ್ಡಿಗೆ ಇಂಡಿಯಾದಲ್ಲಿ ಟ್ಯಾಕ್ಸ್ ಇಲ್ಲದೇ ಇದ್ರೂ ಇಲ್ಲಿ ಇದೆ. ಅಲ್ಲಿಯ ಬ್ಯಾಂಕ್ ಕೊಡೋ ಸರ್ಟಿಫಿಕೇಟ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿ ಬೇಕಾಗೋದು ಜನವರಿಯಿಂದ ಡಿಸೆಂಬರ್, ಹಾಗಾಗಿ ಸ್ಟೇಟ್‌ಮೆಂಟ್ ತೆಗೆದು ನೀವೇ ಕೂಡಿಸಿ ಡಾಲರ್‌ಗೆ ಬದಲಾಯಿಸ್ಬೇಕು. ಎನ್‌ಆರ್‌ಓ (ಇಂಡಿಯಾದ ಸಂಪಾದನೆ ಇಡೋ ಎನ್‌ಆರ್‌ಐ ಅಕೌಂಟ್) ಬಡ್ಡಿ ಮೇಲೆ ಅಲ್ಲಿ ಕಟ್ಟಿದ ಟ್ಯಾಕ್ಸಿಗೆ ಫಾರ್ಮ್ 1116ರಲ್ಲಿ ಕ್ರೆಡಿಟ್ (ಇಲ್ಲಿಯ ಫೆಡರಲ್ ಟ್ಯಾಕ್ಸಲ್ಲಿ ಕಡಿತ) ಕೇಳ್ಬೋದು, ಆದ್ರೆ ಕ್ಯಾಲಿಫೋರ್ನಿಯಾ ಸ್ಟೇಟ್ ಅಂಥ ಕ್ರೆಡಿಟ್ ಕೊಡಲ್ಲ. ಹೊರದೇಶದ ಎಲ್ಲ ಅಕೌಂಟ್ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ರೂ ಎಫ್‌ಬಾರ್ (ಹೊರದೇಶದ ಅಕೌಂಟ್‌ಗಳ ವರದಿ) ಬೇರೆ ಫೈಲ್ ಮಾಡ್ಬೇಕು, ಅದು ಟ್ಯಾಕ್ಸ್ ರಿಟರ್ನ್ ಜೊತೆ ಹೋಗಲ್ಲ.

ಹಳೇ ವರ್ಷದ್ದು ಬಿಟ್ಟೋಗಿದ್ರೆ 1040-ಎಕ್ಸ್ (ತಿದ್ದಿದ ಫೆಡರಲ್ ರಿಟರ್ನ್) ಹಾಕಿ ಸರಿ ಮಾಡ್ಬೋದು. ಅದರ ಜೊತೆಗೆ ಸ್ಟೇಟ್ ರಿಟರ್ನೂ ಬೇರೆಯಾಗಿ ತಿದ್ದಿ ಕಳಿಸ್ಬೇಕು.